ಸಹಾಯ ಬೇಕು: ಸಿ ಡ್ರೈವ್ ಒಂದನ್ನೇ ಬ್ಯಾಕಪ್ ಮಾಡಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರಿನ ಕ್ಯಾತ್ಸಂದ್ರ. ಮನೆಯ ಕಂಪ್ಯೂಟರಿನಲ್ಲಿ 1 ಟಿಬಿ ಹಾರ್ಡ್‌ಡಿಸ್ಕ್ ಒಂದೇ ಇದೆ. ಸಿ ಡ್ರೈವ್ 120 ಜಿಬಿ, ಅದರಲ್ಲಿ ವಿಂಡೋಸ್ 10. ಉಳಿದದ್ದೆಲ್ಲ ಡಿ ಡ್ರೈವ್.

ಹೋದ ವರ್ಷ ವಿಂಡೋಸ್ ಕೈಕೊಟ್ಟಾಗ ರಿಪೇರಿಗೆ ಕೊಟ್ಟಿದ್ದೆ. ಒಂದು ಮಾತೂ ಕೇಳದೆ ಇಡೀ ಡಿಸ್ಕ್ ಫಾರ್ಮ್ಯಾಟ್ ಮಾಡಿ ಕೊಟ್ಟರು. ಮಗಳ ನಾಮಕರಣದ ಫೋಟೋ, ಅಪ್ಪ ಮೂರು ವರ್ಷ ಕೂತು ಟೈಪ್ ಮಾಡಿದ್ದ ಕೊಬ್ಬರಿ ಲೆಕ್ಕ, ಎಲ್ಲ ಹೋಯಿತು. ಅಪ್ಪ ಏನೂ ಅನ್ನಲಿಲ್ಲ, ಸುಮ್ನೆ ಹಳೇ ನೋಟ್‌ಬುಕ್ ತೆಗೆದು ಮೊದಲಿಂದ ಬರೆಯೋಕೆ ಕೂತರು. ಅದನ್ನು ಇನ್ನೊಮ್ಮೆ ನೋಡೋಕೆ ನನ್ನಿಂದಾಗಲ್ಲ.

ಈಗ ಕನ್ನಡ ಟೈಪಿಂಗಿನ ನುಡಿ, ಪ್ರಿಂಟರ್ ಡ್ರೈವರ್ ಎಲ್ಲ ಸರಿಯಾಗಿದೆ. ಈ ಸ್ಥಿತಿಯಲ್ಲೇ ಸಿ ಡ್ರೈವ್ ಇಮೇಜ್ (ಇಡೀ ಡ್ರೈವಿನ ಯಥಾಪ್ರತಿ) ತೆಗೆದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇಡಬೇಕು. ಪೆನ್‌ಡ್ರೈವ್‌ಗೆ ಕ್ಲೋನ್‌ಜಿಲ್ಲಾ (ಇಮೇಜ್ ತೆಗೆಯುವ ತಂತ್ರಾಂಶ) ಹಾಕಿದ್ದೇನೆ, ವಿಂಡೋಸ್ ಬೇಗ ಶುರುವಾಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದ್ದೇನೆ. ಬೇಕಾದ ಪಾರ್ಟಿಷನ್ (ಡಿಸ್ಕಿನ ಭಾಗ) ಮಾತ್ರ ಉಳಿಸುವ 'ಸೇವ್‌ಪಾರ್ಟ್ಸ್' ಆರಿಸಬೇಕು ಅಂತ ಗೊತ್ತು. ಆದರೆ ಅಲ್ಲಿ ಸಿ, ಡಿ ಅನ್ನೋ ಹೆಸರೇ ಬರಲ್ಲ, ಎಸ್‌ಡಿಎ1, ಎಸ್‌ಡಿಎ3 ಅಂತ ಬರುತ್ತೆ. ಗಾತ್ರ ನೋಡಿ ಗುರುತಿಸಿದರೆ ಸಾಕಾ?

ಜೊತೆಗೆ 100 ಎಂಬಿಯ ಇಎಫ್‌ಐ ಪಾರ್ಟಿಷನ್ (ವಿಂಡೋಸ್ ಶುರುವಾಗಲು ಬೇಕಾದ ಫೈಲ್ ಇರುವ ಭಾಗ) ಇದೆ. ಅದನ್ನೂ ಸೇರಿಸಿ ತೆಗೆಯೋದು ಒಳ್ಳೇದು ಅಲ್ವಾ? ವಾಪಸ್ ಹಾಕುವಾಗ 'ರಿಸ್ಟೋರ್‌ಪಾರ್ಟ್ಸ್' ಕೊಟ್ಟರೆ ಡಿ ಡ್ರೈವ್ ಮುಟ್ಟಲ್ಲ ತಾನೇ? ನನಗೆ ಜಾಸ್ತಿ ಭಯ ಅದೇ.

ಮಾಡಿ ಅಭ್ಯಾಸ ಇರುವವರು ದಯವಿಟ್ಟು ಹೇಳಿ. ತುಮಕೂರಿನವರಾದರೆ ಭಾನುವಾರ ನಾನೇ ಸಿಪಿಯು ಹೊತ್ತು ತರುತ್ತೇನೆ.