ಬ್ಲೌಸ್ ತುಂಡು ಹಿಡಿದು ಜರ್ಮನಿಯ ನೇಲ್ ಪಾಲಿಶ್ ಅಂಗಡಿಗೆ ಹೋಗಬಹುದೇ?

ಸೆರಗಿನಂಚು (ಧಾರವಾಡ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ಮೂರು ವಾರಗಳ ಮಟ್ಟಿಗೆ ಮಗಳ ಮನೆಗೆಂದು ಜರ್ಮನಿಯ ಕಾರ್ಲ್ಸ್‌ರೂಎಗೆ ಹೊರಟಿದ್ದೇನೆ. ಅರಮನೆ, ಮೃಗಾಲಯ, ಬ್ಲ್ಯಾಕ್ ಫಾರೆಸ್ಟ್ ಎಂದು ಮಗಳು ದಿನಕ್ಕೊಂದು ಪಟ್ಟಿ ಕಳುಹಿಸುತ್ತಿದ್ದಾಳೆ. ಅವೆಲ್ಲ ಆಗಲಿ, ಆದರೆ ನನಗೆ ನಿಜವಾಗಿ ನೋಡಬೇಕೆನಿಸಿರುವುದು ಅಲ್ಲಿನ ಡ್ರಗ್‌ಸ್ಟೋರುಗಳಲ್ಲಿ ಗೋಡೆಯುದ್ದಕ್ಕೂ ಜೋಡಿಸಿಟ್ಟಿರುವ ನೇಲ್ ಪಾಲಿಶ್ ಬಾಟಲಿಗಳನ್ನು. ಐವತ್ತೆಂಟರ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಕೇಳುವವರಿಗೆ ಉತ್ತರ ಕೊಡುವ ವಯಸ್ಸನ್ನೂ ನಾನು ದಾಟಿದ್ದೇನೆ.

ಮೊದಲೊಮ್ಮೆ ಸಿಂಗಪುರಕ್ಕೆ ಹೋದಾಗ ಇಂಥದ್ದೇ ಒಂದು ಅಂಗಡಿಯಲ್ಲಿ ಪೇಚಿಗೆ ಸಿಕ್ಕಿದ್ದೆ. ನಮ್ಮೂರ ಫ್ಯಾನ್ಸಿ ಸ್ಟೋರಿನಲ್ಲಿ ಅಂಗಡಿಯವರೇ ಮುಚ್ಚಳ ತೆಗೆದು ಹೆಬ್ಬೆರಳಿಗೆ ಹಚ್ಚಿ ತೋರಿಸುವ ರೂಢಿಯಿದೆಯಲ್ಲ, ಅದೇ ಅಭ್ಯಾಸದಲ್ಲಿ ಒಂದು ಬಾಟಲಿಯ ಮುಚ್ಚಳ ತಿರುಗಿಸಿಬಿಟ್ಟೆ. ಅದು ಮಾರಾಟದ ಬಾಟಲಿಯಾಗಿತ್ತು. ಅಲ್ಲಿಯ ಹುಡುಗಿ ಬಂದು ನಯವಾಗಿಯೇ, ಆದರೆ ಪಟ್ಟು ಬಿಡದೆ, ಅದರ ಹಣ ಕೊಡಿಸಿಕೊಂಡಳು. ಆ ಸಾಸಿವೆ ಬಣ್ಣದ ಬಾಟಲಿ ಇಂದಿಗೂ ನನ್ನ ಕನ್ನಡಿ ಮೇಜಿನ ಮೇಲಿದೆ, ಒಂದು ದಿನವೂ ಹಚ್ಚಿಕೊಂಡಿಲ್ಲ.

ಆದ್ದರಿಂದ ಈ ಬಾರಿ ತಿಳಿದುಕೊಂಡೇ ಹೋಗಬೇಕೆಂದಿದ್ದೇನೆ. ಅಲ್ಲಿ ಬಣ್ಣವನ್ನು ಹಚ್ಚಿ ನೋಡಬಹುದೇ? ಆ ಬಿಳಿ ದೀಪಗಳ ಕೆಳಗೆ ಕಂಡ ಬಣ್ಣವನ್ನು ನಂಬುವುದು ಹೇಗೆ? ನಮ್ಮಲ್ಲಿ ಸಿಗದಂಥದ್ದು ಏನಿರುತ್ತದೆ? ನನ್ನ ಬಳಿ ಬದನೆಕಾಯಿ ಬಣ್ಣದ ಒಡಲು, ಕೆಂಪು ಸೆರಗಿನ ಒಂದು ಇಳಕಲ್ ಸೀರೆಯಿದೆ. ಅದಕ್ಕೆ ಸರಿಹೊಂದುವ ಬಣ್ಣ ಹುಬ್ಬಳ್ಳಿಯಲ್ಲಿಯೂ ಸಿಗಲಿಲ್ಲ, ಬೆಂಗಳೂರಿನಲ್ಲಿಯೂ ಸಿಗಲಿಲ್ಲ. ಮ್ಯಾಚಿಂಗ್ ಸೆಂಟರಿಗೆ ಒಯ್ಯುವಂತೆ ಬ್ಲೌಸ್ ತುಂಡನ್ನೇ ಒಯ್ದರೆ ಅಲ್ಲಿಯವರು ನಕ್ಕಾರೇ? ಕೊನೆಯದಾಗಿ, ಕೊಂಡ ಬಾಟಲಿಗಳನ್ನು ವಿಮಾನದಲ್ಲಿ ತರಬಹುದೇ?

ನೆಕಾರ್ ದಂಡೆ (ಮಾನ್‌ಹೈಮ್)

ಅಕ್ಕ, ಬ್ಲೌಸ್ ತುಂಡನ್ನು ಅವಶ್ಯವಾಗಿ ತನ್ನಿ. ಯಾರೂ ನಗುವುದಿಲ್ಲ, ಇಲ್ಲಿ ಪಕ್ಕದವರು ಏನು ಮಾಡುತ್ತಿದ್ದಾರೆಂದು ತಿರುಗಿ ನೋಡುವುದೇ ಕಡಿಮೆ. ಅಲ್ಲದೆ ನೀವು ಹೋಗುತ್ತಿರುವ ಊರೇ ಈ ಕೆಲಸಕ್ಕೆ ತಕ್ಕ ಊರು. ಜರ್ಮನಿಯ ಮೂಲೆಮೂಲೆಯಲ್ಲಿ ಕಾಣುವ ಡಿಎಂ ಅಂಗಡಿಗಳ ಸಾಲಿನ ಮೊದಲನೆಯದು 1973ರಲ್ಲಿ ತೆರೆದದ್ದು ಕಾರ್ಲ್ಸ್‌ರೂಎಯಲ್ಲಿಯೇ, ಅದರ ಮುಖ್ಯ ಕಚೇರಿಯೂ ಅಲ್ಲಿಯೇ ಇದೆ. ಅದಕ್ಕೆ ಎದುರಾಳಿಯಾದ ರೊಸ್‌ಮಾನ್ ಅದರ ಹಿಂದಿನ ವರ್ಷ ಹಾನೋವರ್‌ನಲ್ಲಿ ಶುರುವಾಯಿತು. ಇವುಗಳನ್ನು ಇಲ್ಲಿ ಡ್ರೋಗೆರಿ ಎನ್ನುತ್ತಾರೆ. ಹೆಸರು ಕೇಳಿ ಮೆಡಿಕಲ್ ಶಾಪ್ ಎಂದುಕೊಳ್ಳಬೇಡಿ: ತಲೆನೋವಿನ ಮಾತ್ರೆ ಬೇಕಾದರೂ ಕೆಂಪು ಬಣ್ಣದ ದೊಡ್ಡ 'ಎ' ಅಕ್ಷರದ ಫಲಕವಿರುವ ಅಪೊಟೇಕೆಗೇ ಹೋಗಬೇಕು. ಡ್ರೋಗೆರಿಯಲ್ಲಿ ಸೋಪು, ಡಯಾಪರು, ಚಹಾ, ನೇಲ್ ಪಾಲಿಶ್ ಇಂಥವು ಮಾತ್ರ. ಭಾನುವಾರ ಬಾಗಿಲು ಹಾಕಿರುತ್ತದೆ. ದೊಡ್ಡ ರೈಲು ನಿಲ್ದಾಣಗಳೊಳಗಿನ ಕೆಲವು ಅಂಗಡಿಗಳಷ್ಟೇ ಅಪವಾದ.

ಒಳಗೆ ಹೋದರೆ ಒಂದೊಂದು ಕಂಪನಿಗೆ ಒಂದೊಂದು ಸ್ಟ್ಯಾಂಡ್ ಇರುತ್ತದೆ. ಎಸೆನ್ಸ್ ಮತ್ತು ಕ್ಯಾಟ್ರಿಸ್ ಎಂಬ ಎರಡು ಸ್ಟ್ಯಾಂಡುಗಳ ಮುಂದೆ ಶಾಲೆಯ ಹುಡುಗಿಯರು ಗುಂಪುಗೂಡಿರುತ್ತಾರೆ, ಸಂಕೋಚಪಡದೆ ನೀವೂ ಅಲ್ಲಿಯೇ ನಿಲ್ಲಿ. ಎರಡೂ ಒಂದೇ ಕಂಪನಿಯವು. ಫ್ರಾಂಕ್‌ಫರ್ಟ್ ಬಳಿಯ ಜುಲ್ಟ್ಸ್‌ಬಾಖ್‌ನಲ್ಲಿರುವ, 2001ರಲ್ಲಿ ಆರಂಭವಾದ ಕಾಸ್ನೋವಾ ಎಂಬ ಸಂಸ್ಥೆ ಅವನ್ನು ತರುತ್ತದೆ. ಬೆಲೆ ಹೆಚ್ಚುಕಡಿಮೆ ಎರಡರಿಂದ ನಾಲ್ಕು ಯೂರೋ. ತೆರಿಗೆಯೆಲ್ಲ ಅದರಲ್ಲಿಯೇ ಸೇರಿರುವುದರಿಂದ ಚೀಟಿಯಲ್ಲಿ ಕಂಡಷ್ಟೇ ಕೊಟ್ಟರಾಯಿತು. ಎಸ್ಸಿಯಂಥ ದುಬಾರಿ ಸ್ಟ್ಯಾಂಡುಗಳಿಗಾಗಿ ಇಷ್ಟು ದೂರ ಬರಬೇಕಾಗಿಲ್ಲ, ಅದು 2010ರಿಂದ ಲೊರಿಯಾಲ್ ಕೈಯಲ್ಲಿದ್ದು ಅನೇಕ ದೇಶಗಳಲ್ಲಿ ಸಿಗುತ್ತದೆ. ಅದರ ಬದಲು ಅಂಗಡಿಗಳ ಸ್ವಂತ ಬ್ರ್ಯಾಂಡುಗಳನ್ನು ನೋಡಿ: ಡಿಎಂನಲ್ಲಿ 'ಟ್ರೆಂಡ್ ಇಟ್ ಅಪ್', ರೊಸ್‌ಮಾನ್‌ನಲ್ಲಿ 'ರೀವಾಲ್ ಡಿ ಲೂಪ್'. ಕಾಸ್ನೋವಾದವರು ವರ್ಷಕ್ಕೆ ಎರಡು ಬಾರಿ ಬಣ್ಣಗಳ ಸಾಲನ್ನು ಬದಲಾಯಿಸುತ್ತಾರೆ, ಆಗ ಹಳೆಯವು ಕಡಿತದ ಬೆಲೆಯಲ್ಲಿ ಹೋಗುತ್ತವೆ. ಮೆಚ್ಚಿದ ಬಣ್ಣ ಮುಂದಿನ ಸಲ ಬಂದಾಗ ಇರುವುದೆಂಬ ನಂಬಿಕೆ ಮಾತ್ರ ಬೇಡ.

ಹಚ್ಚಿ ನೋಡುವ ವಿಷಯ. 'ಟೆಸ್ಟರ್' ಎಂಬ ಚೀಟಿ ಅಂಟಿಸಿದ ಬಾಟಲಿಗಳನ್ನು ಮಾತ್ರ ತೆರೆಯಬಹುದು. ನಾನು ಮಾಡುವುದು ಹೀಗೆ: ಪರ್ಸಿನಲ್ಲಿ ಒಂದು ಸಣ್ಣ ಪಾರದರ್ಶಕ ಟೇಪಿನ ಸುರುಳಿ ಇಟ್ಟುಕೊಂಡಿರುತ್ತೇನೆ. ಉಗುರಿನಗಲದ ತುಂಡುಗಳನ್ನು ಹರಿದು ಹಳೆಯ ಟ್ರಾಮ್ ಟಿಕೆಟ್ಟಿನ ಅಂಚಿಗೆ ಅರ್ಧ ಅಂಟಿಸಿ, ಒಂದೊಂದಕ್ಕೆ ಒಂದೊಂದು ಟೆಸ್ಟರಿನ ಬಣ್ಣವನ್ನು ಎರಡು ಕೋಟು ಬಳಿದು, ಟಿಕೆಟ್ಟಿನ ಮೇಲೆ ಬಣ್ಣದ ಸಂಖ್ಯೆ ಬರೆದುಕೊಂಡು ಹೊರಗೆ ಬರುತ್ತೇನೆ. ಆರುವಷ್ಟರಲ್ಲಿ ಒಂದು ಕಾಫಿ ಆಗುತ್ತದೆ. ಆಮೇಲೆ ಆ ಟೇಪನ್ನು ನಿಮ್ಮ ಬ್ಲೌಸ್ ತುಂಡಿನ ಮೇಲೆ ಇಟ್ಟು ಹಗಲು ಬೆಳಕಿನಲ್ಲಿ ನೋಡಿ. ಬಿಳಿ ಕಾಗದದ ಮೇಲೆ ಬಳಿದ ಬಣ್ಣ ಯಾವಾಗಲೂ ಇರುವುದಕ್ಕಿಂತ ತಿಳಿಯಾಗಿ ಕಾಣುತ್ತದೆ. ಟೆಸ್ಟರನ್ನೇ ಹಿಡಿದು ಬಾಗಿಲ ಬಳಿಗೆ ನಡೆಯಬೇಡಿ. ಒಮ್ಮೆ ನಾನು ಹಾಗೆ ಮಾಡಿ, ಕಾವಲಿನವನಿಗೆ ನನ್ನ ಹರುಕು ಜರ್ಮನ್‌ನಲ್ಲಿ 'ಬೆಳಕು, ಬೆಳಕು' ಎಂದು ವಿವರಿಸಬೇಕಾಯಿತು.

ಬದನೆಕಾಯಿ ಬಣ್ಣ ಕೇಳಲು ನಾಚಿಕೆ ಬೇಡ, ಇಲ್ಲಿಯೂ ಅದನ್ನು ಬದನೆಕಾಯಿಯ ಹೆಸರಿನಿಂದಲೇ 'ಓಬರ್ಜೀನೆ' ಎನ್ನುತ್ತಾರೆ. ನೇಲ್ ಪಾಲಿಶ್‌ಗೆ 'ನಾಗೆಲ್‌ಲಾಕ್'. ಈ 'ಲಾಕ್' ಎಂಬ ಪದ ಸುತ್ತಿ ಬಳಸಿ ನಮ್ಮ ಸಂಸ್ಕೃತದ ಲಾಕ್ಷಾ, ಎಂದರೆ ಅರಗಿನಿಂದಲೇ ಬಂದದ್ದು. ಚನ್ನಪಟ್ಟಣದ ಬೊಂಬೆಗೆ ಹಚ್ಚುವ ಅರಗಿನ ಹೆಸರು ಇಲ್ಲಿ ಉಗುರಿನ ಮೇಲೆ ಕುಳಿತಿದೆಯೆಂದು ತಿಳಿದ ದಿನ ನನಗೆ ಬಹಳ ಖುಷಿಯಾಗಿತ್ತು.

ಇನ್ನೊಂದು ಮಾತು, ವಯಸ್ಸು ಹೇಳಿದ್ದೀರೆಂದು ಬರೆಯುತ್ತಿದ್ದೇನೆ. ಬಣ್ಣಗಳಷ್ಟೇ ನೋಡಿ ಬರಬೇಡಿ. ಪಕ್ಕದಲ್ಲಿ 'ರಿಲ್ಲನ್‌ಫ್ಯೂಲರ್' ಎಂದು ಬರೆದ ಬಾಟಲಿಗಳಿರುತ್ತವೆ. ವಯಸ್ಸಾದಂತೆ ಉಗುರಿನ ಮೇಲೆ ಉದ್ದುದ್ದ ಗೆರೆಗಳು ಏಳುತ್ತವಲ್ಲ, ಅವನ್ನು ತುಂಬಿ ಮೇಲ್ಮೈಯನ್ನು ಸಮಮಾಡುವ ಬೇಸ್ ಕೋಟ್ ಅದು. ನನ್ನ ಅಮ್ಮ ಇಲ್ಲಿಂದ ತರಿಸಿಕೊಳ್ಳುವುದು ಅದೊಂದನ್ನೇ.

ಹೊರಗೆ ಕಾದವನು (ಬೆಂಗಳೂರು)

ಹೆಂಡತಿಯೊಂದಿಗೆ ನಾಲ್ಕು ದೇಶ ಸುತ್ತಿದ ಅನುಭವದಿಂದ ಹೇಳುತ್ತಿದ್ದೇನೆ. ಇಂಥ ಅಂಗಡಿಗಳಲ್ಲಿ ಗಂಡಸರಿಗೆ ಕೂರಲು ಒಂದು ಸ್ಟೂಲೂ ಇರುವುದಿಲ್ಲ. ಇದರಲ್ಲಿ ಅನೇಕ ಬ್ರ್ಯಾಂಡುಗಳು ಈಗ ಆನ್‌ಲೈನಿನಲ್ಲಿ ಮನೆ ಬಾಗಿಲಿಗೇ ಬರುತ್ತವೆ. ಲಕ್ಷಗಟ್ಟಲೆ ಖರ್ಚು ಮಾಡಿ ಹೋದವರು ಮೂರು ಯೂರೋ ಬಾಟಲಿಯ ಮುಂದೆ ಒಂದು ಮಧ್ಯಾಹ್ನ ಕಳೆಯುವುದು ಸರಿಯೇ ಎಂಬುದನ್ನು ದಯವಿಟ್ಟು ಯೋಚಿಸಿ.

ತಾವರೆಕೊಳ (ಒಸಾಕಾದಿಂದ ಈಗ ಮೈಸೂರಿಗೆ)

ಕಾದವರೇ, ಮೊಬೈಲ್ ಪರದೆಯ ಮೇಲೆ ಬದನೆಕಾಯಿ ಬಣ್ಣವನ್ನು ಆರಿಸಿ ತರಿಸಿಕೊಂಡು ನೋಡಿ, ಬಂದ ಬಾಟಲಿಯಲ್ಲಿ ನೇರಳೆ ಹಣ್ಣಿರುತ್ತದೆ. ಅದೂ ಅಲ್ಲದೆ, ಒಂದು ದೇಶದ ಹೆಂಗಸರು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಯಾವ ಬಣ್ಣ ಹಚ್ಚಿಕೊಳ್ಳುತ್ತಾರೆಂಬುದನ್ನು ಮ್ಯೂಸಿಯಂ ತೋರಿಸುವುದಿಲ್ಲ, ಈ ಸ್ಟ್ಯಾಂಡು ತೋರಿಸುತ್ತದೆ. ಜಪಾನಿನಲ್ಲಿ ನಾನು ಎರಡು ವರ್ಷವಿದ್ದೆ. ಅಲ್ಲಿಯ ಮತ್ಸುಮೊತೊ ಕಿಯೋಶಿಯಂಥ ಅಂಗಡಿಗಳಲ್ಲಿ ಕಣ್ಣಮಟ್ಟದ ಸಾಲುಗಳಲ್ಲಿ ಕಾಣುವುದು ತೆಳು ಗುಲಾಬಿ, ಹಾಲು ಬೆರೆಸಿದಂಥ ಬಿಳಿ, ಉಗುರಿನ ಬಣ್ಣಕ್ಕಿಂತ ಕೂದಲೆಳೆಯಷ್ಟು ಬೇರೆಯಾದ ಕಂದು. ಮೊದಲ ವಾರ 'ಇವರಲ್ಲಿ ಬಣ್ಣವೇ ಇಲ್ಲವಲ್ಲ' ಎಂದುಕೊಂಡಿದ್ದೆ. ಕಚೇರಿಗೆ ಹೋಗಲು ಶುರುಮಾಡಿದ ಮೇಲೆ, ಎದುರು ಕುಳಿತವರು ಉಗುರಿಗೆ ಬಣ್ಣ ಹಚ್ಚಿದ್ದಾರೆಂಬುದು ಕೈ ಬೆಳಕಿಗೆ ತಿರುಗಿದಾಗ ಮಾತ್ರ ಗೊತ್ತಾಗುತ್ತಿತ್ತು, ಆಗ ಆ ತೆಳು ಬಣ್ಣಗಳ ಕೆಲಸ ಅರ್ಥವಾಯಿತು.

ಅಲ್ಲಿಗೆ ಹೋಗುವವರು ನೆನಪಿಡಬೇಕಾದದ್ದು: ಬಾಟಲಿಯನ್ನೇ ಅವರು 'ಮನಿಕ್ಯುಆ' ಎನ್ನುತ್ತಾರೆ, ರಿಮೂವರ್ 'ಜೊಕೋಎಕಿ'. ಬೆಲೆಚೀಟಿಯಲ್ಲಿ ಅನೇಕ ವೇಳೆ ಎರಡು ಮೊತ್ತಗಳಿರುತ್ತವೆ, ಕೊಡಬೇಕಾದದ್ದು ಶೇ 10ರ ತೆರಿಗೆ ಸೇರಿದ ದೊಡ್ಡ ಮೊತ್ತವನ್ನು. ಪ್ರವಾಸಿಗರು ಒಂದೇ ದಿನ ಒಂದೇ ಅಂಗಡಿಯಲ್ಲಿ ತೆರಿಗೆ ಬಿಟ್ಟು 5,000 ಯೆನ್ ಮುಟ್ಟುವಷ್ಟು ಕೊಂಡರೆ ಪಾಸ್‌ಪೋರ್ಟ್ ತೋರಿಸಿ ಅಲ್ಲಿಯೇ ತೆರಿಗೆ ಬಿಡಿಸಿಕೊಳ್ಳುವ ವ್ಯವಸ್ಥೆಯಿದ್ದು, ಸಾಮಾನನ್ನು ಮೊಹರು ಮಾಡಿದ ಚೀಲದಲ್ಲಿ ಕೊಡುತ್ತಿದ್ದರು, ದೇಶ ಬಿಡುವವರೆಗೆ ಬಿಚ್ಚುವಂತಿರಲಿಲ್ಲ. 2026ರ ನವೆಂಬರ್ 1ರಿಂದ ಇದು ಬದಲಾಗಿ, ಮೊದಲು ತೆರಿಗೆ ಕೊಟ್ಟು ಹೊರಡುವಾಗ ಹಿಂಪಡೆಯುವ ಪದ್ಧತಿ ಬರುತ್ತದೆ. ಇಷ್ಟೆಲ್ಲ ಬೇಡವೆನ್ನುವವರಿಗೆ ಡೈಸೊದಂಥ ನೂರು ಯೆನ್ ಅಂಗಡಿಗಳಿವೆ, ಅಲ್ಲಿಯೂ ಪುಟ್ಟ ಬಾಟಲಿಗಳು ಸಿಗುತ್ತವೆ.

ಹಡ್ಸನ್ ಹೊಳೆ (ನ್ಯೂಜೆರ್ಸಿ)

ಅಮೆರಿಕದ ಡ್ರಗ್‌ಸ್ಟೋರ್ ಜರ್ಮನಿಯದಕ್ಕೆ ತದ್ವಿರುದ್ಧ. ಸಿವಿಎಸ್, ವಾಲ್‌ಗ್ರೀನ್ಸ್‌ಗಳ ಹಿಂಭಾಗದಲ್ಲಿ ನಿಜವಾದ ಔಷಧದ ಕೌಂಟರ್ ಇರುತ್ತದೆ, ಅಲ್ಲಿಗೆ ನಡೆಯುವ ದಾರಿಯಲ್ಲಿ ನೇಲ್ ಪಾಲಿಶ್. ಮಾತ್ರೆ ಕೊಡುವಷ್ಟರಲ್ಲಿ ಹದಿನೈದು ನಿಮಿಷವಾಗುತ್ತದೆ ಎಂದರೆ ನಾನು ಸ್ಯಾಲಿ ಹ್ಯಾನ್ಸೆನ್ ಸಾಲಿನ ಮುಂದೆ ನಿಂತಿರುತ್ತೇನೆಂದು ಮನೆಯವರಿಗೆ ಗೊತ್ತು. ನಮ್ಮ ಕಡೆಯ ಅಂಗಡಿಗಳಲ್ಲಿ ನಾನು ಟೆಸ್ಟರ್ ಕಂಡಿಲ್ಲ, ಆದ್ದರಿಂದ ಮುಚ್ಚಳ ಮುಟ್ಟುವ ಪ್ರಶ್ನೆಯೇ ಇಲ್ಲ. ಚೀಟಿಯ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ನಮ್ಮ ರಾಜ್ಯದಲ್ಲಿ ಮೇಲೆ ಶೇ 6.625 ಬೀಳುತ್ತದೆ, ಆರೆಗಾನ್‌ನಲ್ಲಿ ಏನೂ ಇಲ್ಲ. ರೆವ್ಲಾನ್ ಕಂಪನಿ 1932ರಲ್ಲಿ ಹುಟ್ಟಿದ್ದು ಲಿಪ್‌ಸ್ಟಿಕ್ಕಿನಿಂದಲ್ಲ, ನೇಲ್ ಪಾಲಿಶ್‌ನಿಂದ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ; ರೆವ್ಸನ್ ಸಹೋದರರ ಹೆಸರಿನೊಳಗೆ 'ಲ'ಕಾರ ಸೇರಿದ್ದು ಅವರ ಪಾಲುದಾರ ಲಾಕ್‌ಮನ್ ಅವರಿಂದ.

ಪಿಪೆಟ್ (ಮಂಗಳೂರು)

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳಾದ್ದರಿಂದ ಕೊನೆಯ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ. ಹೆಸರಿನಲ್ಲಿ ಅರಗಿದ್ದರೂ ಇಂದಿನ ಬಾಟಲಿಯೊಳಗೆ ಮುಖ್ಯವಾಗಿ ಇರುವುದು ನೈಟ್ರೋಸೆಲ್ಯುಲೋಸ್, ಅದನ್ನು ಕರಗಿಸಿಡುವ ಈಥೈಲ್ ಮತ್ತು ಬ್ಯುಟೈಲ್ ಅಸಿಟೇಟ್. ಇವೆಲ್ಲ ಬೇಗ ಬೆಂಕಿ ಹತ್ತುವಂಥವು. ಆದರೂ ಪ್ರಸಾಧನ ಸಾಮಗ್ರಿಯ ಲೆಕ್ಕದಲ್ಲಿ ವಿಮಾನದಲ್ಲಿ ಒಯ್ಯಲು ಅವಕಾಶವಿದೆ. ಕೈಚೀಲದಲ್ಲಾದರೆ ಇತರ ದ್ರವಗಳೊಂದಿಗೆ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿಡಿ. ಬಾಟಲಿಗಳು ಹದಿನೈದು ಮಿಲಿಲೀಟರಿನೊಳಗೇ ಇರುವುದರಿಂದ 100 ಮಿಲಿಲೀಟರಿನ ಮಿತಿ ತೊಂದರೆ ಕೊಡುವುದಿಲ್ಲ. ಕೆಳಗೆ ಹೋಗುವ ಪೆಟ್ಟಿಗೆಯಲ್ಲಾದರೆ ಇಂಥ ಪದಾರ್ಥಗಳೆಲ್ಲ ಸೇರಿ ಒಬ್ಬರಿಗೆ 2 ಲೀಟರ್, ಒಂದೊಂದು ಡಬ್ಬಿ ಅರ್ಧ ಲೀಟರ್ ಮೀರಬಾರದು. ಕಾಲುಚೀಲದೊಳಗೆ ಒಂದೊಂದನ್ನೇ ತುರುಕಿ, ಜಿಪ್ ಚೀಲದಲ್ಲಿ ಹಾಕಿ. ಸೀರೆಯ ಮಡಿಕೆಯಲ್ಲಿ ಮಾತ್ರ ಇಡಬೇಡಿ.

ಸ್ಟ್ಯಾಂಡಿನಲ್ಲಿ 'ಜೆಲ್' ಎಂದು ಕಂಡರೆ ಎರಡು ಬಾರಿ ಓದಿ. ಸಾಮಾನ್ಯ ಪಾಲಿಶ್ ಜೆಲ್‌ನಂತೆ ಹೊಳೆಯುತ್ತದೆಂದು ಹೇಳುವವು ಕೆಲವು. ನೇರಳಾತೀತ ದೀಪದ ಕೆಳಗೆ ಹಿಡಿಯದಿದ್ದರೆ ಗಟ್ಟಿಯಾಗದಂಥ ನಿಜವಾದ ಜೆಲ್ ಕೆಲವು. ಎರಡನೆಯದರಲ್ಲಿ ಬಳಸುತ್ತಿದ್ದ ಟಿಪಿಒ ಎಂಬ ರಾಸಾಯನಿಕವನ್ನು ಯುರೋಪಿನ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ಸಸ್ಯಾಹಾರಿಗಳಿಗೆ ಒಂದು ಸೂಚನೆ: ಪದಾರ್ಥಗಳ ಪಟ್ಟಿಯಲ್ಲಿ ಬಣ್ಣದ ಸಂಖ್ಯೆ ಸಿಐ 75470 ಎಂದಿದ್ದರೆ ಅದು ಕೊಚಿನೀಲ್ ಹುಳದಿಂದ ತೆಗೆದ ಕೆಂಪು, ಸಿಐ 75170 ಎಂದಿದ್ದರೆ ಸಾಮಾನ್ಯವಾಗಿ ಮೀನಿನ ಹುರುಪೆಯಿಂದ ಬರುವ ಮುತ್ತಿನ ಹೊಳಪು. ತಿನ್ನುವುದಲ್ಲವಾದರೂ ನಮ್ಮಲ್ಲಿ ಕೈಯಿಂದಲೇ ಊಟ ಮಾಡುವವರಲ್ಲವೇ, ತಿಳಿದಿರಲಿ.

ಸೆರಗಿನಂಚು (ಧಾರವಾಡ), ಏಳು ವಾರಗಳ ನಂತರ

ಎಲ್ಲರಿಗೂ ತಡವಾಗಿ ಧನ್ಯವಾದ. ಹೋಗಿ ಬಂದೆ. ಮೂರು ವಾರದಲ್ಲಿ ಐದು ಡ್ರೋಗೆರಿ, ಒಂದು ಅರಮನೆ. ಮಗಳು ಮೊದಲ ದಿನ ದೂರ ಹೋಗಿ ಶಾಂಪೂ ಸಾಲಿನಲ್ಲಿ ನಿಂತಳು; ಮೂರನೆಯ ಅಂಗಡಿಯ ಹೊತ್ತಿಗೆ ಅವಳೇ ಟೇಪು ಹರಿದು ಕೊಡುತ್ತಿದ್ದಳು.

ನೆಕಾರ್ ದಂಡೆಯವರು ಹೇಳಿದಂತೆ ಹನ್ನೊಂದು ಬಣ್ಣಗಳನ್ನು ಟೇಪಿಗೆ ಬಳಿದು, ಅಂಗಡಿಯ ಹೊರಗಿನ ಬೆಂಚಿನ ಮೇಲೆ ಕುಳಿತು, ಇಳಕಲ್ಲಿನ ತುಂಡನ್ನು ಮೊಣಕಾಲಿನ ಮೇಲೆ ಹರಡಿಕೊಂಡು ಒಂದೊಂದನ್ನೇ ಇಟ್ಟು ನೋಡಿದೆ. ಒಳಗೆ ತದ್ರೂಪವೆಂದು ಕಂಡದ್ದು ಹೊರಗೆ ದ್ರಾಕ್ಷಿಯಾಗಿತ್ತು; ಒಳಗೆ ಕಪ್ಪೆಂದು ಬದಿಗಿಟ್ಟಿದ್ದು ಹೊರಗೆ ಬಟ್ಟೆಯೊಳಗೆ ಕರಗಿಹೋಯಿತು. ಅದನ್ನೇ ತಂದೆ, ಜೊತೆಗೆ ಎರಡು ರಿಲ್ಲನ್‌ಫ್ಯೂಲರ್. ಆದರೆ ಧಾರವಾಡದ ಮಧ್ಯಾಹ್ನದ ಬಿಸಿಲಿನಲ್ಲಿ ಅದೇ ಬಣ್ಣ ಸ್ವಲ್ಪ ಕೆಂಪಿಗೆ ತಿರುಗುತ್ತದೆ, ಜರ್ಮನಿಯ ಮೋಡದ ಬೆಳಕಿನಲ್ಲಿ ಅದು ತಿಳಿದಿರಲಿಲ್ಲ. ಎರಡು ಕೋಟು ಬಳಿದರೆ ಕಪ್ಪು, ಒಂದೇ ಕೋಟು ಬಳಿದರೆ ಸೀರೆಗೆ ಸರಿಯಾಗಿ ಹೊಂದುತ್ತದೆ.

ಈಗ ಒಂದೇ ತೊಂದರೆ. ಪ್ರಯಾಣದಲ್ಲಿ ಸ್ವಲ್ಪ ಸೋರಿದ್ದು ಈಗ ಒಣಗಿ, ಮುಚ್ಚಳ ಕಂಠಕ್ಕೆ ಅಂಟಿಕೊಂಡಿದೆ. ತಿರುಗಿಸಿದರೆ ಬಾಟಲಿಯೇ ಒಡೆದೀತೆಂಬ ಭಯ.

ಪಿಪೆಟ್ (ಮಂಗಳೂರು)

ಒಂದು ಬಟ್ಟಲಿನಲ್ಲಿ ಬಿಸಿನೀರು ತೆಗೆದುಕೊಂಡು, ಒಲೆಯಿಂದ ದೂರ ಕುಳಿತು, ಬಾಟಲಿಯನ್ನು ತಲೆಕೆಳಗಾಗಿ ಹಿಡಿದು ಮುಚ್ಚಳವಷ್ಟೇ ಮುಳುಗುವಂತೆ ಎರಡು ನಿಮಿಷ ಇಡಿ. ಆಮೇಲೆ ರಬ್ಬರ್ ಬ್ಯಾಂಡ್ ಸುತ್ತಿ ತಿರುಗಿಸಿ. ತೆರೆದ ಕೂಡಲೇ ರಿಮೂವರ್ ಹಚ್ಚಿದ ಹತ್ತಿಯಿಂದ ಕಂಠವನ್ನು ಒರೆಸಿಡಿ. ಆ ಸಾಸಿವೆ ಬಣ್ಣದ ಬಾಟಲಿಯ ಮುಚ್ಚಳದ ಮೇಲೆ ಮೊದಲು ಅಭ್ಯಾಸ ಮಾಡಬಹುದು.