ಹಳೇ ಮಾರುತಿ 800: ಫುಲ್ ಟ್ಯಾಂಕ್ ಹಾಕಿಸಿದರೆ ಮಾತ್ರ ಪೆಟ್ರೋಲ್ ಸೋರುತ್ತಿದೆ, ವೆಲ್ಡಿಂಗ್ ಮಾಡಿಸಬೇಕಾ?

ಕೋಟೇಶ್ವರದ ಎಂಟ್ನೂರು

ನಮಸ್ಕಾರ. ಗಾಡಿ 1996ರ ಮಾರುತಿ 800, ಕಾರ್ಬೊರೇಟರ್‌ದು. ಅಪ್ಪಯ್ಯ ತೆಗೊಂಡದ್ದು, ಈಗ ನಾನು ಓಡಿಸುತ್ತೇನೆ. ಈ ಮಳೆಗಾಲ ಮುಗಿದ ಮೇಲೆ ಹಿಂದಿನ ಸೀಟಲ್ಲಿ ಕೂತವರಿಗೆಲ್ಲ ಪೆಟ್ರೋಲ್ ವಾಸನೆ. ಬಂಕಲ್ಲಿ ಫುಲ್ ಮಾಡಿಸಿ ತಂದು ನಿಲ್ಲಿಸಿದರೆ ಹಿಂದೆ ನೆಲದಲ್ಲಿ ಅಂಗೈಯಗಲ ಒದ್ದೆ. ನಮ್ಮ ಮೆಕ್ಯಾನಿಕ್ ಟ್ಯಾಂಕಿನ ಅಡಿಯಲ್ಲಿ ಒದ್ದೆ ಕಂಡ ಜಾಗಕ್ಕೆ ಎಂ-ಸೀಲ್ ಮೆತ್ತಿ ಕೊಟ್ಟರು. ಮತ್ತೆ ಫುಲ್ ಮಾಡಿಸಿದಾಗ ಅದೇ ಕತೆ. ಈಗ "ಟ್ಯಾಂಕ್ ಇಳಿಸಿ ವೆಲ್ಡಿಂಗ್ ಹೊಡೆಸುವ" ಅಂತಿದ್ದಾರೆ. ವೆಲ್ಡಿಂಗ್ ಸಾಕಾ, ಬೇರೆ ಟ್ಯಾಂಕ್ ಹುಡುಕಬೇಕಾ? ಗಾಡಿ ನಿಲ್ಲುವುದು ಶೆಡ್ಡಿನೊಳಗೆ. ಬಾವಿ ಪಂಪಿನ ಸ್ಟಾರ್ಟರ್ ಕೂಡ ಅಲ್ಲೇ ಇದೆ.

ಗೇರ್ ಎಣ್ಣೆ, ಮೈಸೂರು

ತೂತು ಸಣ್ಣದಿದ್ರೆ ಬಟ್ಟೆ ಸೋಪಿನ ಬಾರ್ ತಗೊಂಡು ಒತ್ತಿ ಉಜ್ಜಿ ಸರ್. ಸೋಪು ಪೆಟ್ರೋಲಲ್ಲಿ ಕರಗಲ್ಲ, ಮನೆ ಸೇರೋ ತನಕ ಹಿಡಿಯುತ್ತೆ. ನಮ್ಮ ಅಂಬಾಸಡರ್ ಒಂದ್ಸಲ ಹಾಸನದಿಂದ ಹಂಗೇ ಬಂತು. ಪರ್ಮನೆಂಟ್ ಆಗ್ಬೇಕು ಅಂದ್ರೆ ಟ್ಯಾಂಕೇ ಬದಲಾಯಿಸಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿದ್ರೆ ಸಿಗುತ್ತೆ.

ಹಳೇ ಟಿಂಕರ್

ಟ್ಯಾಂಕಿನ ಮಾತು ಆಮೇಲೆ. ಮೊದಲು ಗಾಡಿ ಶೆಡ್ಡಿಂದ ಹೊರಗೆ ತಳ್ಳಿ. ಸ್ಟಾರ್ಟ್ ಮಾಡಬೇಡಿ, ಇಬ್ಬರು ಸೇರಿ ತಳ್ಳಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಮೇಲೆ ಹೋಗಿ ಚದುರುವುದಿಲ್ಲ, ನೆಲ ಹಿಡಿದು ಮೂಲೆಯಲ್ಲಿ ಕೂರುತ್ತದೆ. ಮೈನಸ್ 40 ಡಿಗ್ರಿ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತುವ ಮಾಲು ಅದು. ಪಂಪಿನ ಸ್ಟಾರ್ಟರ್ ಕಚ್ಚುವಾಗ ಹಾರುವ ಕಿಡಿ ಧಾರಾಳ ಸಾಕು. ವಾಸನೆ ಪೂರ್ತಿ ಹೋಗುವ ತನಕ ಆ ಶೆಡ್ಡಿನ ಯಾವ ಸ್ವಿಚ್ಚೂ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ.

ಈಗ ಲೀಕಿನ ವಿಷಯ. ನೀವೇ ಬರೆದಿದ್ದೀರಿ, ಫುಲ್ ಮಾಡಿಸಿದಾಗ ಮಾತ್ರ ಸೋರುತ್ತದೆ ಅಂತ. ಅಡಿಯಲ್ಲಿ ತೂತಿದ್ದರೆ ಕಾಲು ಟ್ಯಾಂಕ್ ಇದ್ದರೂ ಸೋರಬೇಕಿತ್ತಲ್ಲ? ಫುಲ್ ಇದ್ದಾಗ ಮಾತ್ರ ಸೋರುವುದು ಸಾಮಾನ್ಯವಾಗಿ ಮೇಲಿನ ಭಾಗ: ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಬರುವ ದಪ್ಪ ರಬ್ಬರ್ ಹೋಸ್, ಅದರ ಪಕ್ಕದ, ಟ್ಯಾಂಕಿನ ಗಾಳಿ ಹೊರಹೋಗುವ ಸಣ್ಣ ಬ್ರೀದರ್ ಹೋಸ್, ಇಲ್ಲವೇ ಗೇಜಿನ ಫ್ಲೋಟ್ ಕೂರುವ ಜಾಗದ ಪ್ಯಾಕಿಂಗ್. ಅಲ್ಲಿಂದ ಇಳಿದ ಪೆಟ್ರೋಲ್ ಟ್ಯಾಂಕಿನ ಮೈಮೇಲೆ ಹರಿದು ಅತಿ ತಗ್ಗಿನ ಜಾಗಕ್ಕೆ ಬಂದು ತೊಟ್ಟಿಕ್ಕುತ್ತದೆ. ನಿಮ್ಮ ಮೆಕ್ಯಾನಿಕ್ ಮೆತ್ತಿದ್ದು ಪೆಟ್ರೋಲ್ ಬೀಳುವ ಜಾಗಕ್ಕೆ, ಹೊರಡುವ ಜಾಗಕ್ಕಲ್ಲ.

ನೋಡುವ ಕ್ರಮ ಹೀಗೆ. ಬಯಲಲ್ಲಿ, ಹಗಲು ಹೊತ್ತಿನಲ್ಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು, ಟ್ಯಾಂಕಿನ ಹೊರಮೈಯನ್ನೂ ಹೋಸುಗಳನ್ನೂ ಒರೆಸಿ ಚೆನ್ನಾಗಿ ಒಣಗಿಸಿ. ಮೇಲೆ ಮುಖಕ್ಕೆ ಹಾಕುವ ಟಾಲ್ಕಂ ಪೌಡರ್ ಉದುರಿಸಿ. ಬಂಕಿಗೆ ಗಾಡಿ ಒಯ್ಯಬೇಡಿ, ತಗಡಿನ ಕ್ಯಾನಲ್ಲಿ ಪೆಟ್ರೋಲ್ ತಂದು ಸ್ವಲ್ಪ ಸ್ವಲ್ಪವೇ ಹೊಯ್ಯಿರಿ. ಎಲ್ಲಿಂದ ಹೊರಟಿತೋ ಅಲ್ಲಿಂದ ಪೌಡರಿನಲ್ಲಿ ಗೆರೆ ಬೀಳುತ್ತದೆ. ಬರೀ ಜ್ಯಾಕ್ ಕೊಟ್ಟು ಗಾಡಿಯಡಿ ನುಗ್ಗಬೇಡಿ, ಸ್ಟ್ಯಾಂಡ್ ಇರಲೇಬೇಕು. ಪೆಟ್ರೋಲ್ ತೆಗೆಯಬೇಕಾದರೆ ಬಾಯಲ್ಲಿ ಪೈಪಿಟ್ಟು ಎಳೆಯುವ ಚಟ ಬೇಡ. ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೋದರೆ ಕಷ್ಟ. ಕೈಪಂಪು ಅಗ್ಗಕ್ಕೆ ಸಿಗುತ್ತದೆ.

ಗೇರ್ ಎಣ್ಣೆ, ಮೈಸೂರು

ಇದು ಪಾಯಿಂಟೇ. ಫುಲ್ ಟ್ಯಾಂಕ್ ಅನ್ನೋದನ್ನ ನಾನು ಗಮನಿಸಲೇ ಇಲ್ಲ.

ಕೋಟೇಶ್ವರದ ಎಂಟ್ನೂರು

ಗೆರೆ ಸಿಕ್ಕಿತು ಮಾರಾಯ್ರೆ. ದಪ್ಪ ಹೋಸ್ ಟ್ಯಾಂಕಿಗೆ ಸೇರುವಲ್ಲಿ, ಕ್ಲ್ಯಾಂಪಿನ ಕೆಳಗೆ, ರಬ್ಬರ್ ಸುತ್ತಲೂ ಬಿರುಕು. ಬ್ರೀದರ್ ಹೋಸ್ ಹಿಡಿದರೆ ಕೈಗೆ ಕಪ್ಪು ಅಂಟುತ್ತದೆ, ಅಷ್ಟು ಮೆತ್ತಗಾಗಿದೆ. ಇದು ಈಗಿನ ಎಥನಾಲ್ ಪೆಟ್ರೋಲಿಂದಲಾ? ಇನ್ನೊಂದು, ಎಂ-ಸೀಲ್ ಪಕ್ಕದಲ್ಲೂ ಪೌಡರ್ ಸ್ವಲ್ಪ ಹಳದಿಯಾಗಿದೆ, ಗೆರೆ ಇಲ್ಲ, ಕಲೆ ಮಾತ್ರ.

ಹಳೇ ಟಿಂಕರ್

ಎಥನಾಲ್ ಒಂದರ ಮೇಲೇ ಹೊರಿಸುವುದು ಸರಿಯಲ್ಲ, ಆ ರಬ್ಬರಿಗೂ ವಯಸ್ಸಾಗಿದೆ. ಆದರೆ ಪಾಲು ಖಂಡಿತ ಇದೆ. 20 ಶೇಕಡ ಎಥನಾಲಿನ ಪೆಟ್ರೋಲ್ ಬಿಡುಗಡೆಯಾದದ್ದೇ ನಮ್ಮ ಬೆಂಗಳೂರಲ್ಲಿ, 2023ರ ಫೆಬ್ರುವರಿಯಲ್ಲಿ. 1996ರ ಗಾಡಿಯ ಹೋಸುಗಳನ್ನು ಅದನ್ನು ಲೆಕ್ಕಕ್ಕಿಟ್ಟು ಮಾಡಿರಲಿಲ್ಲ. ಹೊಸದು ತರುವಾಗ ಅಂಗಡಿಯವನು ರೇಡಿಯೇಟರ್ ಹೋಸ್ ತುಂಡು ಕೊಟ್ಟು "ಇದೂ ಅದೇ ಸೈಜು" ಅಂದರೆ ಬೇಡ ಅನ್ನಿ. ನೀರಿನ ಹೋಸಿನ ರಬ್ಬರ್ ಪೆಟ್ರೋಲಲ್ಲಿ ಊದಿಕೊಂಡು ಕೊಳೆಯುತ್ತದೆ. ದಪ್ಪನೆಯದು ಆ ಗಾಡಿಗೆಂದೇ ಬರುವ ಫಿಲ್ಲರ್ ಹೋಸ್ ಆಗಿರಲಿ. ಸಣ್ಣ ಹೋಸುಗಳ ಮೇಲೆ ಎಸ್‌ಎಇ ಜೆ30 ಆರ್9 ಅಂತ ಪೆಟ್ರೋಲ್ ಹೋಸಿನ ಗುಣಮಟ್ಟದ ಗುರುತು ಅಚ್ಚಾಗಿದ್ದರೆ ಒಳ್ಳೆಯದು, ಅದರ ಒಳಪದರ ಎಥನಾಲ್ ತಡೆಯುತ್ತದೆ. ನಿಮ್ಮಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರ ಕೈಲಿ ಹೇಳಿಕಳಿಸಿ. ಕ್ಲ್ಯಾಂಪುಗಳನ್ನೂ ಹೊಸದೇ ಹಾಕಿ.

ಆ ಹಳದಿ ಕಲೆ ಬಿಡುವ ಹಾಗಿಲ್ಲ. ಪೆಟ್ರೋಲಿಗಿಂತ ನೀರು ಭಾರ, ಟ್ಯಾಂಕಿನ ಅಡಿಯಲ್ಲೇ ಕೂರುತ್ತದೆ. ಅರ್ಧ ಟ್ಯಾಂಕಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿ ಕರಾವಳಿಯ ತೇವದ ಗಾಳಿಯನ್ನೇ ಉಸಿರಾಡುತ್ತದೆ, ಎಥನಾಲ್ ಆ ತೇವ ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ನೀರು, ಎಥನಾಲ್ ಎರಡೂ ಬೇರ್ಪಟ್ಟು ತಳಕ್ಕಿಳಿದು ತಗಡು ತಿನ್ನುತ್ತವೆ. ಹೊರಗಿನಿಂದ ಉಪ್ಪು ಮಣ್ಣು ತಿನ್ನುವುದು ಬೇರೆ. ಹೋಸಿಗಾಗಿ ಹೇಗೂ ಟ್ಯಾಂಕ್ ಇಳಿಸುತ್ತೀರಿ, ಎಂ-ಸೀಲ್ ಕೆತ್ತಿ ನೋಡಿ. ಸ್ಕ್ರೂಡ್ರೈವರಿನಲ್ಲಿ ಒತ್ತಿದಾಗ ತಗಡು ಒಳಗೆ ಬಗ್ಗಿದರೆ ಆ ಟ್ಯಾಂಕ್ ಗುಜರಿಗೆ. ಗಟ್ಟಿ ಇದ್ದು ಒಂದೆರಡು ಸೂಜಿ ತೂತು ಮಾತ್ರ ಇದ್ದರೆ ರಿಪೇರಿ ಮಾಡಿಸಬಹುದು.

ಡೀಸೆಲ್ ದಾವಣಗೆರೆ

ವೆಲ್ಡಿಂಗ್‌ಗೆ ಹೆದರೋದು ಯಾಕ್ರೀ. ಬೇರೆ ಗಾಡಿ ಸೈಲೆನ್ಸರ್‌ಗೆ ಪೈಪ್ ಹಾಕಿ ಹೊಗೆ ಟ್ಯಾಂಕಿಗೆ ಬಿಟ್ಟು ವೆಲ್ಡಿಂಗ್ ಹೊಡಿತಾರ, ನಮ್ಮ ಕಡೆ ಎಲ್ಲ ಗ್ಯಾರೇಜಿನಾಗೂ ಹಂಗ ಮಾಡೋದು.

ಹಳೇ ಟಿಂಕರ್

ಮಾಡುತ್ತಾರೆ, ಗೊತ್ತು. ಹೊಗೆ ಒಳಗಿನ ಗಾಳಿಯನ್ನೆಲ್ಲ ಹೊರದಬ್ಬಿತೋ ಇಲ್ಲವೋ ಅಂತ ನೋಡುವುದು ಹೇಗೆ ಹೇಳಿ? ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ. ಗಾಳಿಯಲ್ಲಿ ಆವಿ ಶೇಕಡ 1.4ರಿಂದ 7.6ರೊಳಗೆ ಇದ್ದರೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಅದಕ್ಕಿಂತ ದಟ್ಟ. ಖಾಲಿ ಮಾಡಿ, ಮುಚ್ಚಳ ತೆಗೆದಿಟ್ಟು, ಅರೆಬರೆ ಒಣಗಿದ ಟ್ಯಾಂಕು ಸರಿಯಾಗಿ ಆ ಮಿತಿಗೇ ಬಂದು ನಿಲ್ಲುತ್ತದೆ. ತುಕ್ಕಿನ ಹೊಪ್ಪಳೆ ಹಿಂದೆ ಅಡಗಿದ ಪೆಟ್ರೋಲ್ ಜ್ವಾಲೆಯ ಬಿಸಿಗೆ ಹೊಸದಾಗಿ ಆವಿಯಾಗುವುದೂ ಉಂಟು.

ನನ್ನ ಮಟ್ಟಿಗೆ ಇದು ರೇಡಿಯೇಟರ್ ಬೆಸುಗೆ ಹಾಕುವವರ ಕೆಲಸ, ಬಾಡಿ ವೆಲ್ಡಿಂಗಿನವರದ್ದಲ್ಲ, ಮನೆಯಲ್ಲಿ ಮಾಡುವಂಥದ್ದಂತೂ ಅಲ್ಲವೇ ಅಲ್ಲ. ಸೋಪು ಪುಡಿ ಹಾಕಿದ ಬಿಸಿನೀರಲ್ಲಿ ಮತ್ತೆ ಮತ್ತೆ ಕುಲುಕಿ ತೊಳೆದು, ತೂತು ಮೇಲೆ ಬರುವಂತೆ ಟ್ಯಾಂಕ್ ತಿರುಗಿಸಿ, ತೂತಿನ ಹತ್ತಿರದವರೆಗೂ ನೀರು ತುಂಬಿಸಿ, ಕಾಯಿಸಿದ ಬೆಸುಗೆ ಕಬ್ಬಿಣದಲ್ಲಿ ತಗಡಿನ ತೇಪೆಗೆ ತವರದ ಬೆಸುಗೆ ಹಾಕುವವರು ಸಿಕ್ಕರೆ ಕೊಡಿ. ಬಂದ ಕೂಡಲೇ "ಗ್ಯಾಸ್ ಹಚ್ಚು" ಅನ್ನುವವರಾದರೆ ಟ್ಯಾಂಕ್ ವಾಪಸ್ ತನ್ನಿ. ಬೆಸುಗೆ ಆದಮೇಲೆ ಎಲ್ಲ ಬಾಯಿ ಮುಚ್ಚಿ, ಸೈಕಲ್ ಪಂಪಿನಲ್ಲಿ ಒಂದೆರಡು ಸಲ ಮೆಲ್ಲಗೆ ಒತ್ತಿ, ಮೇಲೆ ಸೋಪುನೀರು ಹಚ್ಚಿ ಗುಳ್ಳೆ ನೋಡಿ. ಕಂಪ್ರೆಸರ್ ಗಾಳಿ ಬಿಡಬೇಡಿ, ಟ್ಯಾಂಕ್ ಬಲೂನಿನ ಹಾಗೆ ಉಬ್ಬಿ ಹೊಲಿಗೆಯೇ ಬಿಡುತ್ತದೆ.

ಕೋಟೇಶ್ವರದ ಎಂಟ್ನೂರು

ಟ್ಯಾಂಕ್ ಇಳಿಸಿದೆವು. ಎಂ-ಸೀಲ್ ಕೆಳಗೆ ಒಂದು ಸೂಜಿ ತೂತು, ಸುತ್ತಲಿನ ತಗಡು ಗಟ್ಟಿ ಇದೆ. ಉಡುಪಿಯಲ್ಲಿ ರೇಡಿಯೇಟರ್ ಕೆಲಸದ ಹಿರಿಯರೊಬ್ಬರು ನೀವು ಹೇಳಿದ ಹಾಗೆಯೇ ನೀರು ತುಂಬಿಸಿ ಬೆಸುಗೆ ಹಾಕಿಕೊಟ್ಟರು. ಸೋಪುನೀರಲ್ಲಿ ಗುಳ್ಳೆ ಏಳಲಿಲ್ಲ. ಹೋಸು, ಕ್ಲ್ಯಾಂಪು, ಫ್ಲೋಟಿನ ಪ್ಯಾಕಿಂಗ್ ಎಲ್ಲ ಹೊಸದು. ಫುಲ್ ಮಾಡಿಸಿ ಒಂದು ರಾತ್ರಿ ಅಂಗಳದಲ್ಲೇ ನಿಲ್ಲಿಸಿದೆ, ನೆಲ ಒಣಗಿಯೇ ಇತ್ತು. ಒಳಗೆ ತೊಳೆದ ನೀರಲ್ಲಿ ಮಾತ್ರ ಕೆಂಪು ತುಕ್ಕು ಬಂದಿದೆ. ಒಳಗೆ ಹಚ್ಚುವ ಲೈನರ್ ಕೋಟಿಂಗ್ ಬೇಕಾ?

ಹಳೇ ಟಿಂಕರ್

ಒಳಗೆ ಸಣ್ಣ ಪುಡಿ ತುಕ್ಕು ಇದ್ದರೆ ಬೇಡ. ಲೈನರ್ ಹಾಕುವ ಮೊದಲು ಒಳಮೈ ಪೂರ್ತಿ ತುಕ್ಕು ಬಿಟ್ಟು ಒಣಗಿರಬೇಕು, ಇಲ್ಲದಿದ್ದರೆ ಅದೇ ಚಕ್ಕೆಯಾಗಿ ಕಿತ್ತು ಬಂದು ಪೈಪ್ ಕಟ್ಟುತ್ತದೆ. ಸದ್ಯಕ್ಕೆ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಗಾಡಿಯ ಪಂಪಿನ ಮೊದಲು ಒಳಗಿರುವುದು ಕಾಣುವಂಥ ಫಿಲ್ಟರ್ ಒಂದು ಹಾಕಿ, ಕೆಂಪಾದಾಗ ಬದಲಾಯಿಸಿ. ಏರು ಹತ್ತುವಾಗ ಗಾಡಿ ಮುಗ್ಗರಿಸಿದರೆ ಕಾರ್ಬೊರೇಟರ್ ಬಿಚ್ಚುವ ಮೊದಲು ಆ ಫಿಲ್ಟರ್ ನೋಡಿ.