ಯಲಹಂಕ ವಾಯುನೆಲೆಯ ಸದ್ದು: ಕಿಟಕಿ ಬದಲಿಸಿದರೆ ಸಾಕೇ?

ಪ್ರಶ್ನೆ (ಚಿತ್ರದುರ್ಗ):
ನಿವೃತ್ತಿಯ ನಂತರ ದುರ್ಗದ ಮನೆಯನ್ನು ಬಾಡಿಗೆಗೆ ಕೊಟ್ಟು, ಯಲಹಂಕ ವಾಯುನೆಲೆಯ ಸಮೀಪ ಮಗ ಕೊಂಡಿರುವ ಮನೆಗೆ ಹೋಗಬೇಕೆಂದಿದ್ದೇವೆ. ಕಳೆದ ತಿಂಗಳು ಅಲ್ಲಿ ಎಂಟು ದಿನ ಇದ್ದಾಗ, ವಿಮಾನ ತಲೆಯ ಮೇಲೆ ಹಾದಾಗಲೆಲ್ಲ ಅಡುಗೆಮನೆಯ ಸ್ಟ್ಯಾಂಡಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಮಲಗಿದ್ದ ಮೊಮ್ಮಗು ಬೆಚ್ಚಿ ಅಳುತ್ತಿತ್ತು. ದಪ್ಪ ಪರದೆ ಅಥವಾ ಎರಡು ಗಾಜಿನ ಕಿಟಕಿ ಹಾಕಿಸಿದರೆ ಪ್ರಯೋಜನವಾದೀತೇ?

ಉತ್ತರ 1 (ದಾವಣಗೆರೆ):
ಪರದೆಗೆ ಹಣ ಹಾಕಬೇಡಿ ಸರ್. ಅದು ಕೋಣೆಯೊಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತದೆಯೇ ಹೊರತು ಹೊರಗಿನ ಸದ್ದನ್ನು ತಡೆಯುವುದಿಲ್ಲ. ಸದ್ದು ಗಾಳಿಯಂತೆ ಸಂದುಗಳಿಂದಲೂ ನುಗ್ಗುವುದರಿಂದ, ಮೊದಲು ಚೌಕಟ್ಟಿನ ಸಂದುಗಳಿಗೆ ರಬ್ಬರ್ ಪಟ್ಟಿ ಹಾಕಿಸಿ, ಆಮೇಲೆ ನಡುವೆ ಸಾಕಷ್ಟು ಅಂತರವಿರುವ ಎರಡು ಗಾಜುಗಳ ಬಗ್ಗೆ ಯೋಚಿಸಿ. ಆದರೂ ಲೋಟ ನಡುಗಿಸುವ ಆ ತಗ್ಗು ಸ್ವರದ ಗುಡುಗನ್ನು ಗಾಜು ಪೂರ್ತಿ ತಡೆಯದು. ಕಿಟಕಿ ಮುಚ್ಚಿದರೆ ಬೇಸಿಗೆಯಲ್ಲಿ ಎಸಿ ಬೇಕಾಗುತ್ತದೆ, ಆ ಖರ್ಚನ್ನೂ ಸೇರಿಸಿಕೊಳ್ಳಿ.

ಉತ್ತರ 2 (ಚಳ್ಳಕೆರೆ):
2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾಗುವವರೆಗೆ ಬೆಂಗಳೂರಿನ ಪ್ರಯಾಣಿಕ ವಿಮಾನಗಳು ಇಳಿಯುತ್ತಿದ್ದ ಎಚ್‌ಎಎಲ್ ನಿಲ್ದಾಣದ ಪಕ್ಕದಲ್ಲಿ ನಾನು ಆರು ವರ್ಷ ಇದ್ದೆ. ಹಗಲಿನ ಸದ್ದಿಗೆ ಕಿವಿ ಒಗ್ಗಿತು, ರಾತ್ರಿಯದಕ್ಕೆ ಕೊನೆಯವರೆಗೂ ಒಗ್ಗಲಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಸರಾಸರಿ ಸದ್ದಿಗೆ ಮಿತಿ ಹಾಕಿವೆಯಾದರೂ, ಮಗು ಎಚ್ಚರಗೊಳ್ಳುವುದು ಸರಾಸರಿಯಿಂದಲ್ಲ, ಒಂದೇ ಒಂದು ಹಾರಾಟದಿಂದ. ಒಗ್ಗದಿದ್ದರೆ ವಾಪಸಾಗಲು ಅನುಕೂಲವಾಗುವಂತೆ ದುರ್ಗದ ಮನೆಯ ಬಾಡಿಗೆ ಕರಾರನ್ನು ಸದ್ಯ 11 ತಿಂಗಳಿಗಷ್ಟೇ ಮಾಡಿಕೊಳ್ಳಿ, ಆ ವಾಯುನೆಲೆಯ ಏರೋ ಇಂಡಿಯಾ ವಿಮಾನ ಪ್ರದರ್ಶನದ ತಾಲೀಮು ನಡೆಯುವ ವಾರ ಮಾತ್ರ ಮಗುವನ್ನು ಕರೆದುಕೊಂಡು ದುರ್ಗದ ಕಡೆ ಯಾರಾದರೂ ನೆಂಟರ ಮನೆಗೆ ಬಂದುಬಿಡಿ.